ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಜನಾಂಗದ ಹೆಸರಿನ ವಸತಿಗೃಹಗಳು: ಇದನ್ನು ಪಂಕ್ತಿಭೇದ ಎನ್ನಬಹುದೇ?

ಕಲ್ಪತರು ನಾಡಿನವ:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಗೆ ಬಂದು ನೆಲೆಸಿ ಹತ್ತೊಂಬತ್ತು ವರ್ಷಗಳಾದವು. ಈ ವರ್ಷ ನನ್ನ ಮಗಳಿಗೆ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆತಿದ್ದು, ವಸತಿಗಾಗಿ ಅರ್ಜಿ ತುಂಬುತ್ತಿದ್ದೇವೆ. ಸಾಮಾನ್ಯ ವಸತಿಗೃಹಗಳಲ್ಲದೆ, ಸಂಗೀತದಲ್ಲಿ ಆಸಕ್ತಿಯುಳ್ಳವರಿಗೊಂದು, ಪರಿಸರದಲ್ಲಿ ಆಸಕ್ತಿಯುಳ್ಳವರಿಗೊಂದು ಎಂದು ಬಗೆಬಗೆಯ ಮನೆಗಳ ಪಟ್ಟಿ ಅಲ್ಲಿದೆ. ಅದೇ ಪಟ್ಟಿಯಲ್ಲಿ ಕಪ್ಪು ಜನರ ಬದುಕು ಮತ್ತು ಸಂಸ್ಕೃತಿಗೆ ಮೀಸಲಾದ ಉಜಾಮಾ, ಅಮೆರಿಕದ ಮೂಲನಿವಾಸಿಗಳ ಅಕ್ವೆಕಾನ್, ಲ್ಯಾಟಿನೋ ಸಮುದಾಯದ ಒಂದು ಮನೆ ಇವೂ ಸೇರಿವೆ. ಅದನ್ನು ನೋಡಿದಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ನಾನು ತುಮಕೂರು ಜಿಲ್ಲೆಯವನು. ಚಿಕ್ಕಂದಿನಲ್ಲಿ ಊಟಕ್ಕೆ ಕುಳಿತ ಸಾಲಿನಿಂದ ಒಂದು ಕುಟುಂಬವನ್ನು ಎಬ್ಬಿಸಿ ಹಿತ್ತಲಿಗೆ ಕಳುಹಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಮೆರಿಕದ ಚರಿತ್ರೆಯಲ್ಲೂ ಇಂಥದ್ದು ನಡೆದಿದೆ. 1956ರಲ್ಲಿ ಆಥರೀನ್ ಲೂಸಿ ಎಂಬ ಕಪ್ಪು ಯುವತಿಗೆ ನ್ಯಾಯಾಲಯದ ಆದೇಶದ ಬಲದಿಂದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಕ್ಕಿತಾದರೂ, ತರಗತಿಗೆ ಬರಬಹುದು, ವಸತಿಗೃಹಕ್ಕೂ ಊಟದ ಮನೆಗೂ ಕಾಲಿಡಕೂಡದು ಎಂದು ಅಲ್ಲಿಯವರು ಕಟ್ಟಪ್ಪಣೆ ಮಾಡಿದ್ದರು. ಅಂಥ ಗೋಡೆಗಳನ್ನು ಕೆಡವಲು ಅಷ್ಟು ಜನ ಅಷ್ಟು ಕಷ್ಟಪಟ್ಟ ಮೇಲೆ, ಈಗ ವಿಶ್ವವಿದ್ಯಾಲಯವೇ ಮುಂದೆ ನಿಂತು ಪ್ರತ್ಯೇಕ ಮನೆಗಳನ್ನು ನಡೆಸುವುದು ಯಾವ ನ್ಯಾಯ? ತಿಳಿದವರು ಹೇಳಬೇಕು.

ಹಳೆಯ ಕಡತ:

ಸ್ವಾಮಿ, ನಿಮ್ಮ ಮಗಳು ಹೋಗುತ್ತಿರುವ ಊರಿನ ಕತೆಯೇ ಈ ಪ್ರಶ್ನೆಗೆ ಅತ್ಯಂತ ಹತ್ತಿರದ್ದಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

1963ರಲ್ಲಿ ಜೇಮ್ಸ್ ಪರ್ಕಿನ್ಸ್ ಕಾರ್ನೆಲ್‌ನ ಅಧ್ಯಕ್ಷರಾದಾಗ ಅಲ್ಲಿದ್ದ ಕಪ್ಪು ವಿದ್ಯಾರ್ಥಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರು ಹಟ ಹಿಡಿದು ನಡೆಸಿದ ಪ್ರವೇಶ ಕಾರ್ಯಕ್ರಮದಿಂದಾಗಿ ಆ ದಶಕ ಮುಗಿಯುವ ಹೊತ್ತಿಗೆ ಸಂಖ್ಯೆ ಇನ್ನೂರೈವತ್ತರ ಸಮೀಪಕ್ಕೆ ಬಂದಿತು. ಆದರೆ ಪ್ರವೇಶ ಕೊಟ್ಟವರು, ಬಂದ ಮಕ್ಕಳು ಎಲ್ಲಿ, ಯಾರ ನಡುವೆ ಬದುಕಬೇಕು ಎಂಬುದನ್ನು ಯೋಚಿಸಿರಲಿಲ್ಲ. ಕಪ್ಪು ವಿದ್ಯಾರ್ಥಿನಿಯರು ಕೆಲವರು ವಾರಿ ಹೌಸ್ ಎಂಬ ಮನೆಯಲ್ಲಿ ಒಟ್ಟಾಗಿ ವಾಸಿಸತೊಡಗಿದರು. 1969ರ ಏಪ್ರಿಲ್ 18ರ ಬೆಳಗಿನ ಜಾವ ಆ ಮನೆಯ ಮುಂದೆ ಯಾರೋ ಶಿಲುಬೆಯೊಂದಕ್ಕೆ ಬೆಂಕಿ ಹಚ್ಚಿದರು. ಉರಿಯುವ ಶಿಲುಬೆಯೆಂದರೆ ಅಲ್ಲಿ ಬಿಳಿಯರೇ ಶ್ರೇಷ್ಠರೆಂದು ಸಾರುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರ ಕೊಲೆಬೆದರಿಕೆಯ ಗುರುತು ಎಂಬುದನ್ನು ವಿವರಿಸಬೇಕಾಗಿಲ್ಲ. ಹಚ್ಚಿದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಮರುದಿನ, ಪೋಷಕರು ಮಕ್ಕಳನ್ನು ನೋಡಲು ಬಂದಿದ್ದ ವಾರಾಂತ್ಯದಲ್ಲೇ, ಕಪ್ಪು ವಿದ್ಯಾರ್ಥಿಗಳು ವಿಲ್ಲರ್ಡ್ ಸ್ಟ್ರೈಟ್ ಸಭಾಭವನವನ್ನು ವಶಪಡಿಸಿಕೊಂಡು, ಅಲ್ಲಿನ ಅತಿಥಿಕೋಣೆಗಳಲ್ಲಿ ಮಲಗಿದ್ದ ಪೋಷಕರನ್ನು ಎಬ್ಬಿಸಿ ಹೊರಗೆ ಕಳುಹಿಸಿದರು. ಬಿಳಿಯ ವಿದ್ಯಾರ್ಥಿಗಳ ಗುಂಪೊಂದು ಒಳನುಗ್ಗಲು ಯತ್ನಿಸಿದ ಮೇಲೆ, ಒಳಗಿದ್ದವರು ಬಂದೂಕುಗಳನ್ನು ತರಿಸಿಕೊಂಡರು. 20ರಂದು ಅವರು ಬಂದೂಕು ಹಿಡಿದೇ ಹೊರಬಂದ ಛಾಯಾಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದಿತು; ಪರ್ಕಿನ್ಸ್ ರಾಜೀನಾಮೆ ಕೊಟ್ಟರು. ಉಜಾಮಾ ಆರಂಭವಾದದ್ದು ಇದಾದ ಮೂರು ವರ್ಷಕ್ಕೆ, 1972ರಲ್ಲಿ. ಟಾಂಜಾನಿಯಾದ ಜೂಲಿಯಸ್ ನೈರೇರೆ ತಮ್ಮ ಆಡಳಿತ ನೀತಿಗೆ ಇಟ್ಟಿದ್ದ ಸ್ವಾಹಿಲಿ ಹೆಸರು ಅದು. ಕುಟುಂಬದವರಂತೆ ಕೂಡಿ ಬಾಳುವುದು ಎಂಬ ಅರ್ಥ ಕೊಡುತ್ತದೆ.

ಲೂಸಿಯವರ ವಿಷಯದಲ್ಲಿ ಬಾಗಿಲು ಹಾಕಿದವರು ಒಳಗಿದ್ದ ಬಲಿಷ್ಠರು. ಉಜಾಮಾದಲ್ಲಿ ಮನೆ ಬೇಕೆಂದು ಕೇಳಿದವರು, ಮನೆಯ ಮುಂದೆ ಬೆಂಕಿ ಉರಿದದ್ದನ್ನು ಕಂಡವರು. ಅದರ ಬಾಗಿಲು ಬೇರೆ ಜನಾಂಗದವರಿಗೂ ತೆರೆದೇ ಇದೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯೆಂದು ನನಗೆ ತೋರುವುದಿಲ್ಲ.

ಅಂದ ಹಾಗೆ, ಅಕ್ವೆಕಾನ್ ಎಂದು ಬರೆದರೂ ಅದನ್ನು ಉಚ್ಚರಿಸುವುದು ಹೆಚ್ಚುಕಡಿಮೆ ‘ಅಗ್ವೇಗೋ’ ಎಂದು. ಮೊಹಾಕ್ ಭಾಷೆಯಲ್ಲಿ ‘ನಾವೆಲ್ಲರೂ’ ಎಂದರ್ಥ. ನಿಮ್ಮ ಮಗಳು ಮೊದಲ ದಿನವೇ ತಪ್ಪಾಗಿ ಹೇಳದಿರಲಿ.

ಪೇಡಾನಗರಿ:

ಹಳೆಯ ಕಡತ ಅವರ ಇತಿಹಾಸದ ತಿಳಿವಳಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಇತಿಹಾಸದ ಇನ್ನೊಂದು ಹಾಳೆಯನ್ನು ಅವರು ಮಡಿಸಿಟ್ಟಿದ್ದಾರೆ. ಈ ಬಗೆಯ ವ್ಯವಸ್ಥೆಯನ್ನು ಮೊದಮೊದಲು ತೀವ್ರವಾಗಿ ವಿರೋಧಿಸಿದವರಲ್ಲಿ ಕೆನೆತ್ ಕ್ಲಾರ್ಕ್ ಒಬ್ಬರು, ಮತ್ತು ಅವರು ಸ್ವತಃ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞರು.

ಕ್ಲಾರ್ಕ್ ಮತ್ತು ಅವರ ಪತ್ನಿ ಮೇಮಿ ಕ್ಲಾರ್ಕ್ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಎರಡನ್ನೂ ಇಟ್ಟು, ಯಾವುದು ಒಳ್ಳೆಯ ಗೊಂಬೆ ಎಂದು ಕೇಳಿದ್ದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನು ತೋರಿಸಿದರು. ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು 1954ರಲ್ಲಿ ಸಾರಿದ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪು ತನ್ನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಅಧ್ಯಯನವನ್ನು ಉಲ್ಲೇಖಿಸಿತು. ಅಂಥವರು 1969ರಲ್ಲಿ ಓಹಾಯೋದ ಆಂಟಿಯಾಕ್ ಕಾಲೇಜಿನ ಆಡಳಿತ ಮಂಡಳಿಗೆ ರಾಜೀನಾಮೆ ಕೊಟ್ಟರು. ಆ ಕಾಲೇಜು ಬಿಳಿಯರನ್ನು ಹೊರಗಿಟ್ಟು ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಅಧ್ಯಯನ ವಿಭಾಗವೊಂದನ್ನು ನಡೆಸಲು ಒಪ್ಪಿದ್ದೇ ಅದಕ್ಕೆ ಕಾರಣ. ಜೀವಮಾನವೆಲ್ಲ ಗೋಡೆ ಒಡೆಯಲು ದುಡಿದವರಿಗೆ, ತಮ್ಮವರೇ ಗೋಡೆ ಕಟ್ಟುವುದನ್ನು ನೋಡಲಾಗಲಿಲ್ಲ.

ಬಾಗಿಲು ತೆರೆದಿದೆ ಎನ್ನುತ್ತೀರಿ. ಹೆಸರು, ಗೋಡೆಯ ಮೇಲಿನ ಚಿತ್ರ, ಸಂಜೆಯ ಕಾರ್ಯಕ್ರಮ ಎಲ್ಲವೂ ಒಂದೇ ಜನಾಂಗದ್ದಾಗಿರುವ ಮನೆಗೆ ಬೇರೆಯವರು ತಾವಾಗಿ ಎಷ್ಟು ಮಂದಿ ಬಂದಾರು? ನಮ್ಮ ಊರುಗಳಲ್ಲಿ ಬಾಡಿಗೆ ಮನೆಯ ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆದಿರುತ್ತಾರೆ. ಜಾತಿಯ ಹೆಸರು ಅಲ್ಲಿಲ್ಲ; ಓದಿದವರಿಗೆ ಅರ್ಥವಾಗುತ್ತದೆ.

ಮೂರನೇ ಮಹಡಿ:

ನಾನು ಇಂಥ ಮನೆಯೊಂದರಲ್ಲಿ ಎರಡು ವರ್ಷ ವಾಸಿಸಿದವಳು. ವಿಶ್ವವಿದ್ಯಾಲಯದ ಹೆಸರು ಬೇಡ. ಮೊದಲ ವರ್ಷ ನನ್ನನ್ನು ಹಾಕಿದ್ದು ಎಲ್ಲರೂ ಬೆರೆತಿರುವ ಸಾಮಾನ್ಯ ವಸತಿಗೃಹಕ್ಕೆ. ಬೆರೆತಿದ್ದರು ಎನ್ನುವುದು ಕಾಗದದ ಮಾತು. ಆ ಮಹಡಿಯ ನಲವತ್ತು ಮಂದಿಯಲ್ಲಿ ಕಂದು ಬಣ್ಣದವಳು ನಾನೊಬ್ಬಳೇ ಇದ್ದೆ. ಅಮ್ಮ ಕಟ್ಟಿಕೊಟ್ಟ ಹುಳಿಪುಡಿಯ ಡಬ್ಬಿಯನ್ನು ತೆರೆದ ದಿನ ಯಾರೋ ಕಿಟಕಿ ತೆಗೆದರು, ಯಾರೋ ನಕ್ಕರು. ಯಾರೂ ಕೆಟ್ಟವರಾಗಿರಲಿಲ್ಲ. ಆದರೂ ಬೆಳಗಿನಿಂದ ರಾತ್ರಿಯವರೆಗೆ ನನ್ನ ದೇವರು, ನನ್ನ ಹೆಸರಿನ ಉಚ್ಚಾರಣೆ, ನನ್ನ ತಲೆಗೆಣ್ಣೆ ಎಲ್ಲಕ್ಕೂ ವಿವರಣೆ ಕೊಡುವ ಕೆಲಸ ನನ್ನದಾಗಿತ್ತು. ಓದಲು ಹೋದವಳು ಪ್ರದರ್ಶನದ ವಸ್ತುವಾದೆ.

ಎರಡನೇ ವರ್ಷ ಏಷ್ಯನ್ ಅಮೆರಿಕನ್ ವಿಷಯದ ಮನೆಗೆ ಅರ್ಜಿ ಹಾಕಿದೆ. ಅಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ಏಷ್ಯಾ ಮೂಲದವರು, ಉಳಿದವರು ಬೇರೆ ಬೇರೆ ಹಿನ್ನೆಲೆಯವರು. ಕೊರಿಯಾದ ಹುಡುಗಿಯ ಕಿಮ್ಚಿ ಡಬ್ಬಿಯ ಪಕ್ಕದಲ್ಲಿ ನನ್ನ ಡಬ್ಬಿಯೂ ಕುಳಿತಿತು. ಅಲ್ಲಿ ಜಗಳಗಳೇ ಇರಲಿಲ್ಲವೆಂದು ಭಾವಿಸಬೇಡಿ. ಆದರೆ ಅವು ಪಾತ್ರೆ ತೊಳೆಯುವ ಸರದಿಯ ಜಗಳಗಳಾಗಿದ್ದವು.

ಪೇಡಾನಗರಿಯವರು ಬೇರೆಯವರು ಬರುವುದಿಲ್ಲ ಎಂದದ್ದಕ್ಕೆ ಉತ್ತರವಾಗಿ ಸ್ಟ್ಯಾನ್‌ಫರ್ಡ್‌ನ ಸಂಗತಿ ಹೇಳುತ್ತೇನೆ. ಅಲ್ಲಿಯೂ ಉಜಾಮಾ ಎಂಬ ಹೆಸರಿನ ಮನೆಯಿದೆ. ಲ್ಯಾಟಿನೋ, ಏಷ್ಯನ್ ಅಮೆರಿಕನ್, ಮೂಲನಿವಾಸಿ ವಿಷಯಗಳಿಗೂ ಒಂದೊಂದು ಮನೆಯಿದೆ. 1988ರಲ್ಲಿ ಉಜಾಮಾದಲ್ಲಿದ್ದ ಕಪ್ಪು ವಿದ್ಯಾರ್ಥಿಯೊಬ್ಬ, ಸಂಗೀತಗಾರ ಬೀಥೋವನ್‌ಗೆ ಕಪ್ಪು ಪೂರ್ವಜರಿದ್ದರೆಂದು ವಾದಿಸಿದ. ಬಿಳಿಯ ಹುಡುಗರಿಗೆ ಅದು ನಂಬಲಾಗದ ಮಾತಾಯಿತು. ಇಬ್ಬರು ಬೀಥೋವನ್ ಚಿತ್ರವನ್ನು ಕಪ್ಪು ಜನರನ್ನು ಹಂಗಿಸುವ ವ್ಯಂಗ್ಯಚಿತ್ರವಾಗಿ ತಿದ್ದಿ ಅವನ ಕೋಣೆಯ ಹತ್ತಿರ ಅಂಟಿಸಿದರು. ದೊಡ್ಡ ಗಲಭೆಯೇ ಆಯಿತು. ಆ ಬಿಳಿಯ ಹುಡುಗರು ಹೊರಗಿನವರಲ್ಲ, ಆ ಮನೆಯಲ್ಲೇ ಇದ್ದವರು ಎಂಬುದನ್ನು ಗಮನಿಸಿ. ಬೇರೆಯವರು ಬರುತ್ತಾರೆ, ಬಂದವರು ಹೇಗಿರುತ್ತಾರೆ ಎನ್ನುವುದು ಬೇರೆ ಮಾತು.

ಕಪ್ಪು ಕೋಟು:

ಕಾನೂನಿನ ಬಗ್ಗೆ ಎರಡು ಮಾತು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ ಅಥವಾ ರಾಷ್ಟ್ರಮೂಲದ ಆಧಾರದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲ. ಆದ್ದರಿಂದ ‘ಈ ಮನೆ ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ’ ಎಂಬ ನಿಯಮ ನ್ಯಾಯಾಲಯದಲ್ಲಿ ನಿಲ್ಲಲಾರದು. ‘ಈ ಮನೆಯ ವಿಷಯ ಕಪ್ಪು ಜನರ ಸಂಸ್ಕೃತಿ, ಆಸಕ್ತಿಯುಳ್ಳ ಯಾರೂ ಬರಬಹುದು’ ಎಂಬ ನಿಯಮ ನಿಂತಿದೆ. ವಿಶ್ವವಿದ್ಯಾಲಯಗಳ ಕೈಪಿಡಿಗಳಲ್ಲಿ ಈ ಎರಡನೆಯ ವಾಕ್ಯವನ್ನು ಅಷ್ಟು ಎಚ್ಚರದಿಂದ ಬರೆದಿರುವುದು ಇದಕ್ಕಾಗಿಯೇ.

ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ತಳ್ಳಿಹಾಕಿತು. ಅದು ಪ್ರವೇಶದ ಪ್ರಶ್ನೆ, ವಸತಿಯದ್ದಲ್ಲ. 2025ರ ಫೆಬ್ರವರಿ 14ರಂದು ಕೇಂದ್ರ ಶಿಕ್ಷಣ ಇಲಾಖೆಯು ಎಲ್ಲ ಕಾಲೇಜುಗಳಿಗೆ ಪತ್ರ ಬರೆದು, ಆ ತೀರ್ಪಿನ ತತ್ವ ವಸತಿಗೂ ಪದವಿ ಪ್ರದಾನ ಸಮಾರಂಭಗಳಿಗೂ ಅನ್ವಯಿಸುತ್ತದೆ ಎಂದು ಎಚ್ಚರಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಮೇರಿಲ್ಯಾಂಡಿನ ಕೇಂದ್ರ ನ್ಯಾಯಾಲಯವೊಂದು, ಸರಿಯಾದ ಕಾರ್ಯವಿಧಾನ ಅನುಸರಿಸಿಲ್ಲವೆಂಬ ಕಾರಣಕ್ಕೆ ಆ ಪತ್ರವನ್ನು ಅಸಿಂಧುಗೊಳಿಸಿತು. ಪತ್ರ ಬಿದ್ದರೂ ಅದು ಹುಟ್ಟಿಸಿದ ಅಂಜಿಕೆ ಹೋಗುವುದು ಅಷ್ಟು ಸುಲಭವಲ್ಲ.

ಇನ್ನೊಂದು ಹಳೆಯ ಸಂಗತಿಯೂ ಇಲ್ಲಿ ಪ್ರಸ್ತುತ. ಹಾರ್ವರ್ಡ್‌ನಲ್ಲಿ ಮೊದಲ ವರ್ಷದವರೆಲ್ಲರೂ ವಸತಿಗೃಹದಲ್ಲೇ ಇರಬೇಕೆಂಬ ನಿಯಮ ತಂದ ಅಧ್ಯಕ್ಷ ಲಾರೆನ್ಸ್ ಲೋವೆಲ್, ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲಿ ಕೋಣೆ ಕೊಡುತ್ತಿರಲಿಲ್ಲ. ರಾಸ್ಕೋ ಕಾಂಕ್ಲಿಂಗ್ ಬ್ರೂಸ್ ಎಂಬವರು ತಮ್ಮ ಮಗನಿಗೆ ಕೋಣೆ ಕೇಳಿದಾಗ ಸಿಕ್ಕ ಉತ್ತರ ‘ಇಲ್ಲ’ ಎಂದು. ಬ್ರೂಸ್ ಸ್ವತಃ ಹಾರ್ವರ್ಡ್ ಪದವೀಧರರು; ಅವರ ತಂದೆ ಅಮೆರಿಕದ ಸೆನೆಟರ್ ಆಗಿದ್ದವರು. ಪ್ರತಿಭಟನೆ ಎದ್ದ ಮೇಲೆ 1923ರಲ್ಲಿ ಮೇಲ್ವಿಚಾರಕರ ಮಂಡಳಿ ಒಂದು ನಿರ್ಣಯ ಮಾಡಿತು: ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು, ಹಾಗೆಯೇ ಎರಡು ಜನಾಂಗದವರನ್ನು ಒಟ್ಟಿಗೆ ಇರಲು, ಉಣ್ಣಲು ಬಲವಂತಪಡಿಸಲೂಕೂಡದು. ಆ ಎರಡನೆಯ ಭಾಗವನ್ನು ಬರೆದದ್ದು ಬಿಳಿಯರ ಸಮಾಧಾನಕ್ಕೆ. ನೂರು ವರ್ಷಗಳ ನಂತರ ಅದೇ ಮಾತು ಎದುರು ದಿಕ್ಕಿನಿಂದ ಕೇಳಿಬರುತ್ತಿದೆ ಎನ್ನುವುದು ವಕೀಲನಾದ ನನಗೆ ಸೋಜಿಗ.

ನಿಪ್ಪಾಣಿಯವಳು:

ಅಮೆರಿಕದ ವಿಷಯ ಮಾತಾಡುವಾಗ ನಮ್ಮ ಪಕ್ಕದ ಕೊಲ್ಲಾಪುರವನ್ನು ಎಲ್ಲರೂ ಮರೆತಿರುವುದು ಆಶ್ಚರ್ಯ. ನಮ್ಮ ಅಜ್ಜ ಅಲ್ಲಿನ ಲಿಂಗಾಯತ ಬೋರ್ಡಿಂಗಿನಲ್ಲಿದ್ದು ಓದಿದವರು. ಅಕ್ಕಪಕ್ಕದಲ್ಲಿ ಮರಾಠರ ಬೋರ್ಡಿಂಗ್, ಜೈನರ ಬೋರ್ಡಿಂಗ್, ಮುಸ್ಲಿಮರ ಬೋರ್ಡಿಂಗ್ ಇದ್ದವೆಂದು ಹೇಳುತ್ತಿದ್ದರು. ಇವೆಲ್ಲ ಛತ್ರಪತಿ ಶಾಹು ಮಹಾರಾಜರ ಆಶ್ರಯದಲ್ಲಿ ಬೆಳೆದವು. ಮಹಾರಾಜರು ಮೊದಲು ಪ್ರಯತ್ನಿಸಿದ್ದು ಎಲ್ಲ ಜಾತಿಯವರಿಗೂ ಒಂದೇ ವಸತಿಗೃಹವನ್ನು. ಕೆಲವೇ ವರ್ಷಗಳಲ್ಲಿ ಅದು ಬಹುತೇಕ ಬ್ರಾಹ್ಮಣ ವಿದ್ಯಾರ್ಥಿಗಳದ್ದೇ ಆಗಿಬಿಟ್ಟಿತು. ‘ಎಲ್ಲರಿಗೂ’ ಎಂದು ಬರೆದ ಬಾಗಿಲಿನೊಳಗೆ ಹಳ್ಳಿಯ ರೈತನ ಮಗ ಕಾಲಿಡಲು ಅಂಜಿದ. ಅದಾದ ಮೇಲೆ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭವಾಯಿತು. ಒಂದರ ಹಿಂದೆ ಒಂದರಂತೆ ಬೇರೆ ಸಮುದಾಯಗಳವು ಬಂದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆಯಿತು. ಜಾತಿಯನ್ನು ಬೆಳೆಸಲು ಅಲ್ಲ, ಜಾತಿಯಿಂದ ಹಿಂದುಳಿದವನನ್ನು ಪರೀಕ್ಷೆಯ ಕೋಣೆಯವರೆಗಾದರೂ ತಲುಪಿಸಲು ಮಹಾರಾಜರು ಆ ದಾರಿ ಹಿಡಿದರು. ಬೆಂಗಳೂರಿನಲ್ಲಿ 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘವೂ ಹಾಸ್ಟೆಲ್ ನಡೆಸಿದ್ದರ ಹಿಂದೆ ಇದೇ ವಿಚಾರವಿತ್ತು.

ಕಲ್ಪತರು ನಾಡಿನವರೇ, ಒಂದು ಪ್ರಶ್ನೆ ಕೇಳಿದರೆ ತಪ್ಪು ತಿಳಿಯಬೇಡಿ. ತಾವು ಬೆಂಗಳೂರಿನಲ್ಲೋ ತುಮಕೂರಿನಲ್ಲೋ ಓದುವಾಗ ಎಲ್ಲಿ ಉಳಿದುಕೊಂಡಿದ್ದಿರಿ?

ನೀಲಿ ಶಾಯಿ:

ಹೋಲಿಕೆ ಮಾಡುವಾಗ ಎಚ್ಚರವಿರಬೇಕು. ಕೊಲ್ಲಾಪುರದ ಬೋರ್ಡಿಂಗುಗಳ ಬಗ್ಗೆ ನನಗೂ ಹೆಮ್ಮೆಯಿದೆ. 1920ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಾಣಗಾಂವ್ ಪರಿಷತ್ತಿನಲ್ಲಿ ಶಾಹು ಮಹಾರಾಜರು ಬಾಬಾಸಾಹೇಬರ ಪಕ್ಕದಲ್ಲಿ ನಿಂತದ್ದನ್ನು ಮರೆಯಲಾರೆ. ಆದರೆ ಕಾಲ ಕಳೆದಂತೆ ಬಲಿಷ್ಠ ಜಾತಿಗಳ ಹಾಸ್ಟೆಲುಗಳು ಆ ಜಾತಿಗಳ ರಾಜಕೀಯದ ಗರಡಿಮನೆಗಳಾದವು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಬೆಳೆದ ನನ್ನಂಥವನಿಗೆ ಅಂಥ ಆಯ್ಕೆಯೇ ಇರಲಿಲ್ಲ. ಊರಿನಲ್ಲಿ ಬಾಡಿಗೆಗೆ ಕೋಣೆ ಕೇಳಿದರೆ ‘ನೀವು ಯಾವ ಜನ’ ಎಂಬ ಪ್ರಶ್ನೆಯೇ ಮೊದಲು ಬರುತ್ತಿತ್ತು. ಒಂದು ಜಾತಿಯ ಹಾಸ್ಟೆಲು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ: ಒಂದು ಇರುವ ಆಸ್ತಿಯನ್ನು ಕಾಯುವ ಕೋಟೆ, ಇನ್ನೊಂದು ಮಳೆಗೆ ಹಿಡಿದ ಕೊಡೆ.

ಬಾಬಾಸಾಹೇಬರ ಬದುಕನ್ನೇ ನೋಡಿ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿನ ಲಿವಿಂಗ್‌ಸ್ಟನ್ ಹಾಲ್ ವಸತಿಗೃಹದಲ್ಲಿ ನವಲ್ ಭತೇನಾ ಎಂಬ ಪಾರ್ಸಿ ಗೆಳೆಯನೊಂದಿಗೆ ಇದ್ದರು. ಆ ಗೆಳೆತನ ಕೊನೆಯವರೆಗೂ ಉಳಿಯಿತು. ವಿದೇಶದ ಓದಿನ ನಂತರ ಬರೋಡಾ ಸಂಸ್ಥಾನದ ಸೇವೆಗೆ ಸೇರಿದಾಗ ತಲೆಯ ಮೇಲೆ ಸೂರು ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಹತ್ತಾರು ಮಂದಿ ದೊಣ್ಣೆ ಹಿಡಿದು ಬಂದು ಅವರನ್ನು ಹೊರಹಾಕಿದರು. ಅಲ್ಲಿ ಕೋಣೆ ಹಂಚಿಕೊಂಡವನೂ ಪಾರ್ಸಿ, ಇಲ್ಲಿ ದೊಣ್ಣೆ ಹಿಡಿದವರೂ ಪಾರ್ಸಿಗಳು. ಬೆರೆತು ಬಾಳುವುದು ಎಷ್ಟು ದೊಡ್ಡದು ಎನ್ನುವುದಕ್ಕೂ, ಬೆರೆಯಲು ಬಿಡದ ಕಡೆ ಒಬ್ಬನಿಗೆ ಏನಾಗುತ್ತದೆ ಎನ್ನುವುದಕ್ಕೂ ಸಾಕ್ಷಿ ಒಬ್ಬರೇ.

ಇನ್ನೊಂದು ಮಾತನ್ನು ಹೇಳಲೇಬೇಕು. ಕಪ್ಪು ಜನರ ಮನೆಯನ್ನು ಪ್ರಶ್ನಿಸುವ ನಮ್ಮವರು, ಅಮೆರಿಕದಲ್ಲಿ ಕೋಣೆಯ ಜೊತೆಗಾರನನ್ನು ಹುಡುಕುವಾಗ ‘ಶುದ್ಧ ಸಸ್ಯಾಹಾರಿ’ ಎಂದು ಬರೆದು, ಅಡ್ಡಹೆಸರು ಕೇಳಿ, ಮೆಲ್ಲಗೆ ಭುಜ ತಟ್ಟಿ ಜನಿವಾರ ಹುಡುಕುವುದನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತಾರೆ? 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ಜಾತಿಯನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ.

ಪೇಡಾನಗರಿ:

ನೀಲಿ ಶಾಯಿ ಅವರ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ತಲೆಬಾಗುತ್ತೇನೆ. ಆದರೂ ನನ್ನ ಮೂಲ ಆಕ್ಷೇಪ ಉಳಿದಿದೆ. ಕೊಡೆ ಎಂದಿರಿ, ಮಳೆ ನಿಂತಿತೇ ಎಂದು ಕೈಚಾಚಿ ನೋಡುವವರಾರು? ಡ್ಯೂಕ್ ವಿಶ್ವವಿದ್ಯಾಲಯ 2018ರಲ್ಲಿ, ಮೊದಲ ವರ್ಷದವರು ತಮ್ಮ ಕೋಣೆಯ ಜೊತೆಗಾರರನ್ನು ತಾವೇ ಆರಿಸಿಕೊಳ್ಳುವುದನ್ನು ನಿಲ್ಲಿಸಿತು. ಹುಡುಗರು ಅಂತರ್ಜಾಲದಲ್ಲಿ ಮೊದಲೇ ಪರಿಚಯ ಮಾಡಿಕೊಂಡು ತಮ್ಮಂಥವರನ್ನೇ ಆರಿಸಿಕೊಳ್ಳುತ್ತಿದ್ದರು, ಅದಕ್ಕೆ. ಇದು ಬಿಳಿಯರ ಸ್ವಯಂಪ್ರತ್ಯೇಕತೆಗೂ ಹಾಕಿದ ಕಡಿವಾಣ. ಎಲ್ಲರಿಗೂ ಹೀಗೆ ಚೀಟಿ ಎತ್ತಿ ಕೋಣೆ ಕೊಟ್ಟರೆ, ಯಾವ ಹೆಸರಿನ ಮನೆಯೂ ಬೇಕಾಗದು.

ಮೂರನೇ ಮಹಡಿ:

ನೂರರಲ್ಲಿ ಐವರಿರುವ ಸಮುದಾಯವನ್ನು ಚೀಟಿ ಎತ್ತಿ ಹಂಚಿದರೆ ಪ್ರತಿ ಮಹಡಿಗೂ ಒಬ್ಬರೋ ಇಬ್ಬರೋ ಸಿಗುತ್ತಾರೆ. ಬಹುಸಂಖ್ಯಾತನಿಗೆ ಅದು ಬೆರೆಯುವ ಅವಕಾಶ. ಆ ಒಬ್ಬಳಿಗೆ ಅದು ನಾನು ಮೊದಲ ವರ್ಷ ಕಳೆದ ಮಹಡಿ.

ಹಳೆಯ ಕಡತ:

ಬೆರೆಸುವುದೂ ಅಷ್ಟು ಸುಲಭವಲ್ಲ ಎನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ವಿಶ್ವವಿದ್ಯಾಲಯವಿದೆ. ಅಲ್ಲಿನ ರೈಟ್ಸ್ ವಸತಿಗೃಹದ ಬಿಳಿಯ ವಿದ್ಯಾರ್ಥಿಗಳು, ವಸತಿಗೃಹಗಳಲ್ಲಿ ಎಲ್ಲರನ್ನೂ ಬೆರೆಸುವ ನೀತಿಯನ್ನು ಅಣಕಿಸಲು ಕಪ್ಪು ನೌಕರರನ್ನು ಅವಮಾನಿಸಿದ ವಿಡಿಯೋ ಒಂದನ್ನು ಮಾಡಿದ್ದರು. 2008ರಲ್ಲಿ ಅದು ಬಯಲಾಗಿ, ಆ ವಸತಿಗೃಹವನ್ನೇ ಮುಚ್ಚಿದರು. ಮರುವರ್ಷ ಅಲ್ಲಿ ಮೊದಲ ಕಪ್ಪು ಕುಲಪತಿಯಾಗಿ ಬಂದ ಜೊನಾಥನ್ ಜಾನ್ಸೆನ್ ಬೆರೆಸುವ ಕೆಲಸವನ್ನು ಮತ್ತೆ ಮೊದಲಿನಿಂದ ಕೈಗೆತ್ತಿಕೊಂಡರು. ಅಲ್ಲಿ ಪ್ರತ್ಯೇಕ ಮನೆಯನ್ನು ಹಟದಿಂದ ಉಳಿಸಿಕೊಳ್ಳಲು ನೋಡಿದವರು ಬಲಿಷ್ಠರು. ಉಜಾಮಾವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನಾನು ಮೊದಲು ಹೇಳಿದ ವ್ಯತ್ಯಾಸ ಇನ್ನೂ ಸ್ಪಷ್ಟವಾಗಬಹುದು.

ಕಲ್ಪತರು ನಾಡಿನವ:

ನಾಲ್ಕು ದಿನಗಳಿಂದ ಎಲ್ಲವನ್ನೂ ಓದುತ್ತಿದ್ದೇನೆ. ಉತ್ತರಿಸಲು ತಡವಾದದ್ದು ನಿಪ್ಪಾಣಿಯವರ ಪ್ರಶ್ನೆಯಿಂದಾಗಿ. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷವೂ ನಾನು ಇದ್ದದ್ದು ಬೆಂಗಳೂರಿನಲ್ಲಿ ನಮ್ಮ ಜನಾಂಗದ ಹಾಸ್ಟೆಲಿನಲ್ಲಿ. ತಿಂಗಳಿಗೆ ಊಟ ವಸತಿ ಸೇರಿ ಕೊಡುತ್ತಿದ್ದದ್ದು ಹೊರಗಿನ ಒಂದು ಕೋಣೆಯ ಬಾಡಿಗೆಗಿಂತ ಕಡಿಮೆ. ಅದಿಲ್ಲದಿದ್ದರೆ ನಮ್ಮ ತಂದೆ ನನ್ನನ್ನು ಊರಿಗೆ ಕರೆಸಿಕೊಳ್ಳುತ್ತಿದ್ದರು. ಅದನ್ನು ನಾನು ಯಾವತ್ತೂ ಪಂಕ್ತಿಭೇದ ಎಂದು ನೆನೆದವನಲ್ಲ. ನೆನೆಯದೆ ಇದ್ದುದರಿಂದಲೇ ಈ ಪ್ರಶ್ನೆ ಕೇಳುವುದು ನನಗೆ ಅಷ್ಟು ಸುಲಭವಾಯಿತೇನೋ. ಬೇರೆ ಜಾತಿಯ ಹುಡುಗನೊಬ್ಬ ಬಂದು ಸೀಟು ಕೇಳಿದ್ದರೆ ನಮ್ಮ ವಾರ್ಡನ್ ಏನು ಹೇಳುತ್ತಿದ್ದರು ಎಂಬುದನ್ನು ನೀಲಿ ಶಾಯಿ ಅವರಿಗೆ ವಿವರಿಸಬೇಕಾಗಿಲ್ಲ.

ಮಗಳಿಗೆ ಇಲ್ಲಿನ ಮಾತುಗಳನ್ನು ಓದಿ ಹೇಳಿದೆ, ಅವಳಿಗೆ ಕನ್ನಡ ಓದಲು ಸರಿಯಾಗಿ ಬಾರದು. ಅವಳು ಮೊದಲ ಆಯ್ಕೆಯಾಗಿ ಸಾಮಾನ್ಯ ವಸತಿಗೃಹವನ್ನೂ, ಎರಡನೆಯದಾಗಿ ಹಲವು ಸಂಸ್ಕೃತಿಗಳವರು ಬೆರೆತಿರುವ ಮನೆಯನ್ನೂ ಬರೆದಿದ್ದಾಳೆ. ‘ಉಜಾಮಾದ ಸಂಜೆಯ ಉಪನ್ಯಾಸಗಳಿಗೆ ಹೊರಗಿನವರೂ ಹೋಗಬಹುದೇ’ ಎಂದು ವಸತಿ ವಿಭಾಗಕ್ಕೆ ತಾನೇ ಇಮೇಲ್ ಬರೆದಿದ್ದಾಳಂತೆ. ಉತ್ತರ ಇನ್ನೂ ಬಂದಿಲ್ಲ.

ಮೂರನೇ ಮಹಡಿ:

ಬರುತ್ತದೆ, ಸರ್. ಹುಳಿಪುಡಿಯ ಡಬ್ಬಿಯನ್ನು ಮಾತ್ರ ಗಟ್ಟಿ ಮುಚ್ಚಳದ್ದೇ ಕೊಟ್ಟು ಕಳುಹಿಸಿ.